ಹಿರಿಯರ ಅನುಮತಿ ಕೇಳಿ

"ಅವಳು ಮನೆಗೆ ಬರೋಷ್ಟರಲ್ಲಿ ಈ ಕಂಪ್ಯೂಟರಿಗೆ ಬೀಗ ಜಡಿದಿರ್ತೀನಿ" ಎಂದು ಬೀಗ ರಿಪೇರಿಯವರು ಗೋಡೆ ಗಡಿಯಾರದ ಎದುರು ನಿಂತು ಶಪಥ ಮಾಡಿದರು. ಕೇಳಿಸಿಕೊಳ್ಳಲು ಮನೆಯಲ್ಲಿ ಗಡಿಯಾರ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಸಂಗತಿ ಇಷ್ಟೇ. ಮನೆಯಲ್ಲೇ ಕೂತು ಆಸ್ಪತ್ರೆಯ ವರದಿಗಳನ್ನು ಟೈಪ್ ಮಾಡಿಕೊಡುವ ಕೆಲಸಕ್ಕೆ ಹೆಂಡತಿ ಆರು ತಿಂಗಳಿಂದ ಓಡಾಡುತ್ತಿದ್ದಳು. ಅವತ್ತು ಹನ್ನೊಂದಕ್ಕೆ ಸಂದರ್ಶನ. ರೋಗಿಗಳ ವಿವರ ಸೋರಿಹೋಗಬಾರದು, ಆದ್ದರಿಂದ ಮನೆಯ ಕಂಪ್ಯೂಟರಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಸೆಟ್ಟಿಂಗ್ ಆನ್ ಆಗಿರಲೇಬೇಕು ಎಂದು ಆಸ್ಪತ್ರೆಯವರು ಪತ್ರ ಬರೆದಿದ್ದರು. "ರೀ, ನೀವು ಅದನ್ನ ಮುಟ್ಟೋಕೆ ಹೋಗ್ಬೇಡಿ, ಬಂದು ನಾನೇ ನೋಡ್ಕೋತೀನಿ" ಎಂದು ಹೇಳಿಯೇ ಹೊರಟಿದ್ದಳು.

ಆದರೆ ಮೂವತ್ತು ವರ್ಷ ಊರವರ ತಿಜೋರಿ ತೆರೆದ ಕೈ, ಬೀಗ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುತ್ತದೆಯೇ? ಹೋದ ವರ್ಷ ಹೆಂಡತಿಯೇ ಮಾಡಿಕೊಟ್ಟಿದ್ದ ತಮ್ಮ ಖಾತೆಯಲ್ಲಿ ಕಂಪ್ಯೂಟರ್ ತೆರೆದು ಕೂತರು. ಭದ್ರತೆಯ ಪುಟದಲ್ಲಿ ಮೂರನೆಯ ಸಾಲು ನೋಡಿ ಎಂದಿತ್ತು ಪತ್ರ. ಪುಟದಲ್ಲಿದ್ದದ್ದು ಎರಡೇ ಸಾಲು. ಕನ್ನಡಕ ಒರೆಸಿಕೊಂಡು ನೋಡಿದರು. ಆಗಲೂ ಎರಡೇ.

ಅಂಗಡಿಯ ಪಕ್ಕದ ಜೆರಾಕ್ಸಿನವನಿಗೆ ಫೋನ್ ಹಚ್ಚಿದರು.

"ಮೂರನೇ ಸಾಲೇ ಇಲ್ಲ ಕಣಯ್ಯಾ."

"ಇರತ್ತೆ ಸಾರ್, ಸರಿಯಾಗಿ ನೋಡಿ."

"ನೋಡಿ ನೋಡಿ ಕಣ್ಣುಗುಡ್ಡೆ ಈಚೆ ಬಂತು."

"ಕೆಳಗಡೆ ಬಟನ್ ಏನಾದ್ರೂ ಇದ್ಯಾ?"

ಇತ್ತು. 'ಹಿರಿಯರ ಅನುಮತಿ ಕೇಳಿ' ಎಂದು ಬರೆದಿತ್ತು.

"ನನಗೇ ಐವತ್ತೆಂಟು ತುಂಬ್ತು. ಈ ಮನೇಲಿ ನನಗಿಂತ ಹಿರಿಯರು ಇನ್ಯಾರಯ್ಯಾ?"

"ಕಂಪನಿಯೋರು ಏನೋ ಬರ್ದಿರ್ತಾರೆ. ಒತ್ತಿ ಸಾರ್, ಏನಾಗಲ್ಲ."

ಒತ್ತಿದರು. 'ಕೋರಿಕೆ ಕಳುಹಿಸಲಾಗಿದೆ' ಎಂದಿತು ಕಂಪ್ಯೂಟರ್. ಯಾರಿಗೆ ಎಂದು ಅದೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಉತ್ತರ ಬಾರದಿದ್ದಾಗ ಮತ್ತೆ ಒತ್ತಿದರು. ತುಕ್ಕು ಹಿಡಿದ ಬೀಗಕ್ಕೆ ಕೀಲಿ ಹಾಕಿ ಅಲ್ಲಾಡಿಸುತ್ತಲೇ ಇರಬೇಕು ಅನ್ನುವುದು ಅವರ ಕಸುಬಿನ ಪಾಠ. ಹದಿನೇಳು ಸಲ ಅಲ್ಲಾಡಿಸಿದರು.

ಬಗ್ಗದ ಬೀಗವನ್ನು ಬಿಚ್ಚುವುದು ಎರಡನೆಯ ಪಾಠ. ಸ್ಕ್ರೂಡ್ರೈವರ್ ತಂದು ಕಂಪ್ಯೂಟರಿನ ಡಬ್ಬಿಯ ಎಂಟು ಸ್ಕ್ರೂ ಬಿಚ್ಚಿದರು. ಒಳಗೆ ಧೂಳು ಬೇಕಾದಷ್ಟಿತ್ತು, ಬೀಗ ಇರಲಿಲ್ಲ. ತಿರುಗಿ ಜೋಡಿಸುವಾಗ ಏಳೇ ಸ್ಕ್ರೂ ಸಿಕ್ಕಿದವು. ಎಂಟನೆಯದಕ್ಕಾಗಿ ಸೋಫಾದಡಿ ತೆವಳಿ ಎದ್ದು ಬಂದಾಗ, ಪರದೆಯ ಮೇಲೆ ದಪ್ಪ ಅಕ್ಷರಗಳು ಮೂಡಿದ್ದವು: 'ಇವತ್ತಿನ ನಿನ್ನ ಸಮಯ ಮುಗಿಯಿತು. ಹೊರಗೆ ಹೋಗಿ ಆಟವಾಡು.'

ಯಜಮಾನರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ. ಕಂಪ್ಯೂಟರ್ ಕೆಟ್ಟಿದ್ದರೆ ಅವಳ ಕೆಲಸಕ್ಕೆ ತಾವೇ ಕಲ್ಲು ಹಾಕಿದಂತಾಯಿತಲ್ಲ ಎಂದು ಬೆವತುಹೋದರು.

ಒಂದು ಗಂಟೆಗೆ ಹೆಂಡತಿ ಬಂದಳು. ಚಪ್ಪಲಿ ಬಿಡುತ್ತಲೇ ಕಂಪ್ಯೂಟರಿನ ಡಬ್ಬಿಯತ್ತ ಒಮ್ಮೆ ಕಣ್ಣು ಹಾಯಿಸಿ, "ಹದಿನೇಳು ಸಲ" ಎಂದಳು.

"ಏನು ಹದಿನೇಳು?"

"ಸಂದರ್ಶನದ ಮೇಜಿನ ಮೇಲೆ ನನ್ನ ಫೋನ್ ಇಟ್ಟಿದ್ದೆ. 'ನಿಮ್ಮ ಮಗು ಅನುಮತಿ ಕೇಳುತ್ತಿದೆ' ಅಂತ ಹದಿನೇಳು ಸಲ ಹೊಡ್ಕೊಳ್ತು."

"ಯಾವ ಮಗು?"

"ಹೋದ ವರ್ಷ ಬಹುಮಾನ ಬಂದಿದೆ ಅಂತ ಏನೋ ಒತ್ತಿ, ನಾನು ಟೈಪ್ ಮಾಡಿಟ್ಟಿದ್ದನ್ನೆಲ್ಲ ಗುಡಿಸಿ ಹಾಕಿತ್ತಲ್ಲ, ಆ ಮಗು. ಅವತ್ತೇ ನಿಮ್ಮನ್ನ ಮಕ್ಕಳ ಖಾತೆಗೆ ಹಾಕಿದೆ. ಬೀಗದ ಸೆಟ್ಟಿಂಗ್ ದೊಡ್ಡೋರ ಖಾತೇಲಿ ಮಾತ್ರ ಕಾಣ್ಸೋದು."

"ಹಾಗಾದ್ರೆ ಕೆಲಸ ಹೋಯ್ತಾ?"

"ಸಂದರ್ಶನ ಮಾಡ್ತಿದ್ದ ಮೇಡಂ ಫೋನ್ ನೋಡಿ, ಮಗುಗೆ ಎಷ್ಟು ವಯಸ್ಸಮ್ಮಾ ಅಂದ್ರು. ಐವತ್ತೆಂಟು ಅಂದೆ. ಅಷ್ಟೂ ಕಥೆ ಕೇಳಿ, ಗಂಡನಿಂದಲೇ ಕಂಪ್ಯೂಟರ್ ಕಾಪಾಡಿರೋಳು ನಮ್ಮ ವರದಿ ಕಾಪಾಡ್ದೇ ಇರ್ತಾಳಾ, ನಾಳೆಯಿಂದ್ಲೇ ಶುರು ಮಾಡು ಅಂದ್ರು."

ಯಜಮಾನರಿಗೆ ಹೋದ ಜೀವ ಬಂತು. ಕೂತು ತಮ್ಮ ಖಾತೆಯಲ್ಲಿ ಇಸ್ಪೀಟು ಆಡೋಣವೆಂದು ಕೈ ಹಾಕಿದರೆ ಅದೇ ದಪ್ಪ ಅಕ್ಷರ. ಸುತ್ತ ನೋಡಿ ಮೆಲ್ಲಗೆ ಬಟನ್ ಒತ್ತಿದರು.

ಅಡುಗೆಮನೆಯಲ್ಲಿ ಫೋನ್ ಟಿಣ್ ಎಂದಿತು.

"ಅರ್ಧ ಗಂಟೆ ಕೊಡ್ತೀನಿ" ಎಂದಿತು ಹಿರಿಯರ ಧ್ವನಿ. "ಮೊದಲು ಎಂಟನೇ ಸ್ಕ್ರೂ ಹುಡುಕಿ."