ಚಳಿಗೆ ತಕ್ಕ ಟಯರು

ಈ ಮಳೆಗಾಲದಲ್ಲಿ ನನ್ನ ಪಿಕಪ್ ಗಾಡಿ ಎಲ್ಲಿಯೂ ಹೂತುಕೊಳ್ಳಬಾರದು ಎಂದು ನಾನು ಭೀಷ್ಮಪ್ರತಿಜ್ಞೆ ಮಾಡಿದೆ. ಭೀಷ್ಮನ ಪ್ರತಿಜ್ಞೆಗೆ ದೇವತೆಗಳು ಹೂಮಳೆ ಸುರಿಸಿದರಂತೆ. ನನ್ನದನ್ನು ಕೇಳಿಸಿಕೊಂಡವಳು ಹೆಂಡತಿ ಸಜಿತ ಒಬ್ಬಳೇ. ಅವಳು ಮೊರದಲ್ಲಿದ್ದ ಬೆಳ್ಳುಳ್ಳಿ ಸಿಪ್ಪೆಯನ್ನು ಉಫ್ ಎಂದು ಊದಿದಳು. ಅದರಲ್ಲಿ ಅರ್ಧ ನನ್ನ ತಲೆಯ ಮೇಲೆ ಬಿತ್ತು. ಅದನ್ನೇ ಹೂಮಳೆ ಎಂದುಕೊಂಡೆ.

ನಾನು ಸರಗೂರಿನ ಕಡೆಯವನು. ನಾಲ್ಕು ವರ್ಷದ ಹಿಂದೆ ಕಬಿನಿ ದಾಟಿ ಗಡಿಯಾಚೆಯ ಮುಳ್ಳನ್‌ಕೊಲ್ಲಿಗೆ ಮನೆಯಳಿಯನಾಗಿ ಬಂದೆ. ಮಾವನ ಮನೆಯವರು ತಲೆಮಾರುಗಳಿಂದ ಇಲ್ಲೇ ಮೆಣಸು, ಕಾಫಿ ಬೆಳೆದುಕೊಂಡಿರುವವರು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳಂ. ಎರಡು ಜೊತೆ ಚಪ್ಪಲಿ ಇಟ್ಟುಕೊಂಡವರ ಹಾಗೆ ಒಂದನ್ನು ಬಿಟ್ಟು ಇನ್ನೊಂದನ್ನು ಮೆಟ್ಟಿಕೊಂಡು ಹೋಗುತ್ತಾರೆ. ನಾನು ಬಸ್ಸಿನ ಹೊತ್ತು ಕೇಳುವಷ್ಟು, ಊಟವಾಯಿತೇ ಎಂದು ವಿಚಾರಿಸುವಷ್ಟು ಮಲಯಾಳಂ ಕಲಿತೆ. ಕಲಿತು ಮುಗಿಯಿತು ಎಂದು ನಾನೇ ಘೋಷಿಸಿಕೊಂಡೆ. ಗೊತ್ತಿಲ್ಲದ ಮಾತು ಬಂದರೆ ಅದಕ್ಕೂ ನನ್ನಲ್ಲಿ ಉಪಾಯವಿತ್ತು. ಕನ್ನಡದ ಪದವನ್ನೇ ತೆಗೆದುಕೊಂಡು ಅದರ ಬಾಲ ಕತ್ತರಿಸಿ ಬಿಡುವುದು. ತಲೆ ಎಂದರೆ ತಲ, ಮಳೆ ಎಂದರೆ ಮಳ. ಇಷ್ಟು ಸುಲಭದ ಭಾಷೆಗೆ ಜನ ಯಾಕೆ ಶಾಲೆಗೆ ಹೋಗುತ್ತಾರೋ ಎಂದು ಸಜಿತಳ ಮುಂದೆ ಹೇಳಿಯೂ ಇದ್ದೆ.

ಈಗ ಪ್ರತಿಜ್ಞೆಯ ಕಾರಣಕ್ಕೆ ಬರೋಣ. ಸಜಿತ ಮತ್ತು ಅವಳ ಸ್ವಸಹಾಯ ಗುಂಪಿನ ನಾಲ್ವರು ಹೆಂಗಸರು ಸೇರಿ ಸಮಾರಂಭಗಳಿಗೆ ಅಡುಗೆ ಮಾಡಿಕೊಡುವ ಕೆಲಸ ಶುರುಮಾಡಿದ್ದರು. ಮೊದಲ ಆರ್ಡರ್ ಬಂದಿತ್ತು. ಚೇಕಾಡಿಯ ಆಚೆ ಗುಡ್ಡದ ಮೇಲೊಂದು ಹೊಸ ಮನೆ, ಆಗಸ್ಟ್ ನಡುವೆ ಶುರುವಾಗುವ ಚಿಂಗ ಮಾಸದ ಮೊದಲ ಭಾನುವಾರ ಅದರ ಗೃಹಪ್ರವೇಶ, ನೂರೈವತ್ತು ಎಲೆ. ಮನೆ ಹೊಸದು ಎಂದಮೇಲೆ ಅದರ ದಾರಿಯೂ ಹೊಸದು. ಮೊನ್ನೆ ಮೊನ್ನೆ ಗುಡ್ಡ ಕಡಿದು ಬಿಟ್ಟ ಹಸಿ ಮಣ್ಣು. ನಮ್ಮ ಗಾಡಿಯ ಟಯರುಗಳೋ, ಹಲ್ಲು ಸವೆದು ಅಜ್ಜನ ಬಾಯಿಯ ಹಾಗಾಗಿದ್ದವು.

ಸಜಿತ ಹೇಳಿದ್ದು ಇಷ್ಟೇ. "ನೀವು ಯಾವ್ ಟಯರಾದ್ರೂ ಹಾಕಿಸ್ಕೊಳಿ. ಹನ್ನೆರಡೂವರೆಗೆ ನಮ್ ಹಂಡೆ ಊಟದ್ ಪಂದಲ್ ಒಳಗಿರ್ಬೇಕು. ಮೊದಲ್ನೇ ಊಟ ಕೆಟ್ರೆ ಎರಡ್ನೇದಕ್ಕೆ ಯಾರೂ ಕರೆಯಕ್ಕಿಲ್ಲ."

ಆ ಕ್ಷಣದಿಂದ ನಾನು ಟಯರ್ ಶಾಸ್ತ್ರದ ಅಧ್ಯಯನಕ್ಕೆ ಕುಳಿತೆ. ಎರಡು ವಾರ, ಹನ್ನೊಂದು ವಿಡಿಯೋ! ಸಾಮಾನ್ಯ ಟಯರು ರಸ್ತೆಯಲ್ಲಿ ಮಾತ್ರ ಓಡುತ್ತದೆ. ಆಲ್ ಟೆರೇನ್ ಟಯರಾದರೆ ಕಲ್ಲು, ಮರಳು, ಕೊಚ್ಚೆ ಎಲ್ಲದರಲ್ಲೂ ಓಡುತ್ತದೆ. ಮರುಭೂಮಿಯಲ್ಲಿ ಓಡುವುದನ್ನು ನೋಡಿದೆ. ಮಂಜುಗಡ್ಡೆಯ ಮೇಲೆ ಓಡುವುದನ್ನೂ ನೋಡಿದೆ. ಚಳಿ ದೇಶಗಳಲ್ಲಿ ರಬ್ಬರು ಸೆಟೆದುಕೊಳ್ಳುತ್ತದಂತೆ, ಅದಕ್ಕೆಂದೇ ಬೇರೆ ಟಯರು ಮಾಡುತ್ತಾರಂತೆ. ಈ ಜ್ಞಾನವನ್ನೆಲ್ಲ ನಾನು ಒಲೆಯ ಮುಂದೆ ನಿಂತು ಸಜಿತಳಿಗೆ ಧಾರೆ ಎರೆದೆ. ತಾನೂ ಜೊತೆಗೆ ಅಂಗಡಿಗೆ ಬರಲೇ ಎಂದು ಅವಳು ಕೇಳಿದಳು. ಟಯರು ಸೀರೆಯಲ್ಲ, ಇಬ್ಬರು ಹೋಗಿ ಆರಿಸುವುದಕ್ಕೆ ಎಂದುಬಿಟ್ಟೆ. ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾನೀಗಲೂ ಸಿದ್ಧ.

ಕಲ್ಪೆಟ್ಟದ ಟಯರ್ ಅಂಗಡಿಯ ಮಾಲೀಕ ಅಜೀಶ್ ಬಹಳ ಸಜ್ಜನ. ಕನ್ನಡ ಬಾರದು ಎನ್ನುವುದೊಂದೇ ಕೊರತೆ. ಆಲ್ ಟೆರೇನ್ ಬೇಕು ಎಂದ ತಕ್ಷಣ ಎರಡು ಟಯರು ಉರುಳಿಸಿಕೊಂಡು ಬಂದ. ಒಂದರ ಹಲ್ಲುಗಳು ದಪ್ಪ, ನಡುವೆ ಬೆರಳು ತೂರುವಷ್ಟು ಸಂದು. ಇನ್ನೊಂದರದು ಒತ್ತೊತ್ತಾಗಿ ಜೋಡಿಸಿದ, ನೋಡಲು ಅಚ್ಚುಕಟ್ಟಾದ ಹಲ್ಲು. ಎರಡರ ಮೇಲೂ ಒಂದೊಂದು ಕೈ ಇಟ್ಟುಕೊಂಡು ಅಜೀಶ್ ಕೇಳಿದ. "ಅವ್ಡೆ ಚಳಿ ಉಂಡೋ?"

ನಾನು ಪುಳಕಿತನಾದೆ. ನೋಡಿ, ವಿಡಿಯೋದಲ್ಲಿ ಹೇಳಿದ್ದನ್ನೇ ಕೇಳುತ್ತಿದ್ದಾನೆ! ಅಲ್ಲಿ ಚಳಿ ಇದೆಯೇ ಎಂದು ವಿಚಾರಿಸುವ ಟಯರ್ ವ್ಯಾಪಾರಿ ಎಷ್ಟು ಊರಿನಲ್ಲಿ ಸಿಗುತ್ತಾನೆ? ನಾನು ನನ್ನ ಸಮಸ್ತ ಮಲಯಾಳಂ ಅನ್ನು ಹೊರತೆಗೆದು, ಈಗಂತೂ ಚಳಿ ಒಂದು ಚೂರೂ ಇಲ್ಲ ಎಂದೆ.

ಅಜೀಶ್ ಹೊರಗೆ ನೋಡಿದ. ಮೂರು ವಾರದಿಂದ ಬಿಡದ ಮಳೆ ಸುರಿಯುತ್ತಿತ್ತು. ಆಮೇಲೆ ನನ್ನ ಪ್ಯಾಂಟು ನೋಡಿದ. ಅದು ಮೊಣಕಾಲಿನವರೆಗೆ ಕೆಸರಾಗಿತ್ತು. ಮಳೆಗಾಲದಲ್ಲೂ ಇರುವುದಿಲ್ಲವೇ ಎಂದು ಮತ್ತೆ ಕೇಳಿದ. ಮಳೆಗಾಲದಲ್ಲಿ ಎಲ್ಲಿಯ ಚಳಿ, ಏನಿದ್ದರೂ ಧನು ಮಾಸದಲ್ಲಿ, ಅದೂ ಬೆಳಗಿನ ಜಾವ ಸ್ವಲ್ಪ, ಬಿಸಿಲು ಬಂದರೆ ತಾನೇ ಹೋಗುತ್ತದೆ ಎಂದು ವಿವರಿಸಿದೆ. ಅವನ ಮುಖದಲ್ಲಿ ಇನ್ನೂ ಅನುಮಾನ ಕಂಡಿತು. ನಮ್ಮ ಮನೆಯವರೆಲ್ಲ ಗಟ್ಟಿಗರು ಎಂದು ತೋರಿಸಲು ಇನ್ನಷ್ಟು ಸೇರಿಸಿದೆ: ನಮಗೆ ಚಳಿ ಎಂದರೆ ಇಷ್ಟ, ಚಳಿಯಲ್ಲಿ ಕುಳಿತು ಚಾ ಕುಡಿಯುವ ಸುಖವೇ ಬೇರೆ, ನಮ್ಮ ಮಾವ ಎಪ್ಪತ್ತು ವಯಸ್ಸಾದರೂ ಬೆಳಗ್ಗೆ ಐದಕ್ಕೆ ಎದ್ದು ಚಳಿಯಲ್ಲೇ ಸ್ನಾನ ಮಾಡುತ್ತಾರೆ.

ಅಜೀಶ್ ಎರಡು ಹೆಜ್ಜೆ ಹಿಂದೆ ಸರಿದು ನನ್ನನ್ನು ನೋಡಿದ. ಅದನ್ನು ನಾನು ಗೌರವ ಎಂದುಕೊಂಡೆ. ಸಂದಿರುವ ಟಯರನ್ನು ಪಕ್ಕಕ್ಕೆ ಒರಗಿಸಿ, ನಿಮಗೆ ಇದು ಬೇಡ ಎಂದು ಮೆತ್ತಗೆ ಹೇಳಿ, ಒತ್ತೊತ್ತು ಹಲ್ಲಿನವನ್ನು ನಾಲ್ಕೂ ಚಕ್ರಕ್ಕೆ ಹಾಕಿಸಿಕೊಟ್ಟ. ಚಳಿ ದೇಶದ ಟಯರನ್ನು ನನ್ನ ಕೊರಳಿಗೆ ಕಟ್ಟದ ಅವನ ಪ್ರಾಮಾಣಿಕತೆಗೆ ನಾನು ಕೈಮುಗಿದೆ.

ಮನೆಗೆ ಬಂದು ನಾಲ್ಕು ಚಕ್ರಕ್ಕೂ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟೆ. ಚಾತಣ್ಣ ಬಂದು ನೋಡಿದರು. ಚಾತಣ್ಣ ಕಾಡಂಚಿನ ಹಾಡಿಯವರು, ಮಾವನ ಕಾಲದಿಂದ ನಮ್ಮ ತೋಟದ ಮೆಣಸು ಕೊಯ್ಯುವವರು, ಮಾತು ಕಡಿಮೆ. ಟಯರಿನ ಹಲ್ಲುಗಳ ನಡುವೆ ಉಗುರು ತೂರಿಸಲು ನೋಡಿದರು, ತೂರಲಿಲ್ಲ.

"ಹಂದಿ ಗೊರಸು ಯಾಕ್ ಸೀಳಿರದು ಗೊತ್ತಾ ಅಳಿಯಾ? ಕೆಸ್ರು ಸಂದಿಂದ ಜಾರ್ಕೊಂಡು ಹೋಗ್ಲಿ ಅಂತ. ಇದ್ಕೆ ಸಂದೇ ಇಲ್ವಲ್ಲ."

ಹಂದಿ ಹನ್ನೊಂದು ವಿಡಿಯೋ ನೋಡಿಲ್ಲ ಚಾತಣ್ಣ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಹೋಗಿ ಗಾಡಿಯ ಹಿಂದೆ ಒಂದು ಉದ್ದನೆಯ ಬಿದಿರಿನ ಗಳುವನ್ನೂ ಹಗ್ಗವನ್ನೂ ತಂದು ಹಾಕಿದರು.

ಭಾನುವಾರ ಬಂತು. ಅನ್ನ, ಸಾಂಬಾರು, ಅವಿಯಲು, ಓಲನ್, ಎರಡು ಬಗೆಯ ಪಾಯಸ. ಹಂಡೆಗಳನ್ನು ಬಟ್ಟೆ ಬಿಗಿದು ಗಾಡಿಗೆ ಏರಿಸಿದೆವು. ಗುಂಪಿನ ಹೆಂಗಸರು ಎಲೆ ಹಾಕಲು ಮುಂಚೆಯೇ ಬಸ್ಸಿನಲ್ಲಿ ಹೋಗಿದ್ದರು. ಸಜಿತ ನನ್ನ ಪಕ್ಕದಲ್ಲಿ, ಚಾತಣ್ಣ ಹಿಂದೆ ಪಾಯಸದ ಹಂಡೆ ಹಿಡಿದುಕೊಂಡು. ಡಾಂಬರು ರಸ್ತೆಯಲ್ಲಿ ಗಾಡಿ ಹೋದ ಚಂದವನ್ನು ಏನೆಂದು ವರ್ಣಿಸಲಿ! ಪುಷ್ಪಕ ವಿಮಾನಕ್ಕೂ ಇಂಥ ಟಯರು ಇರಲಿಲ್ಲ ಎಂದೆ. ಅದಕ್ಕೆ ಟಯರೇ ಇರಲಿಲ್ಲ ಎಂದಳು ಸಜಿತ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಹೊಸ ಮಣ್ಣಿನ ದಾರಿಗೆ ತಿರುಗಿದೆವು. ಮೇಲೆ ಪಂದಲು ಕಾಣುತ್ತಿತ್ತು. ಬಿಳಿ ಮುಂಡು ಉಟ್ಟ ನಾಲ್ಕು ಹಿರಿಯರು ನಮ್ಮನ್ನು ಎದುರುಗೊಳ್ಳಲು ಇಳಿದು ಬರುತ್ತಿದ್ದರು. ನಾನು ಗೇರು ಬದಲಿಸಿ, ಈಗ ನೋಡು ಎಂದು ಸಜಿತಳಿಗೆ ಹೇಳಿ, ಆಕ್ಸಿಲರೇಟರ್ ಒತ್ತಿದೆ.

ಅವಳು ನೋಡಿದಳು. ಮೊದಲ ಸುತ್ತಿಗೇ ಒತ್ತೊತ್ತು ಹಲ್ಲುಗಳ ನಡುವೆ ಕೆಸರು ಮೆತ್ತಿಕೊಂಡಿತು. ಎರಡನೆಯ ಸುತ್ತಿಗೆ ಟಯರು ಹಿಟ್ಟಿನಲ್ಲಿ ಅದ್ದಿದ ಬೋಂಡದ ಹಾಗೆ ನುಣ್ಣಗಾಯಿತು. ಆಮೇಲೆ ಚಕ್ರ ಸುತ್ತಿತು, ಗಾಡಿ ಕದಲಲಿಲ್ಲ. ನಾನು ಇನ್ನೂ ಜೋರಾಗಿ ಒತ್ತಿದೆ. ಗಾಡಿಯ ಹಿಂಭಾಗ ಪಕ್ಕಕ್ಕೆ ವಾಲಿ ಹೊರಳಿತು, ಹಿಂದಿನ ಚಕ್ರದಿಂದ ಎದ್ದ ಕೆಸರು ಕಮಾನಿನ ಹಾಗೆ ಏರಿ, ಎದುರುಗೊಳ್ಳಲು ಬಂದು ಅಷ್ಟರಲ್ಲಿ ಗಾಡಿಯ ಹಿಂಬದಿಗೆ ತಲುಪಿದ್ದ ನಾಲ್ಕು ಬಿಳಿ ಮುಂಡುಗಳ ಮೇಲೆ ಇಳಿಯಿತು. ಗಾಡಿ ಅಚ್ಚಿನವರೆಗೆ ಹೂತು ನಿಂತಿತು. ಪಂದಲಿಗೆ ಇನ್ನೂ ಇನ್ನೂರು ಗಜ.

ಸಜಿತ ಇಳಿದಳು. ಸೀರೆ ಎತ್ತಿ ಕಟ್ಟಿ ಬಗ್ಗಿ ಚಕ್ರವನ್ನು ನೋಡಿದಳು. ಅವಳ ದನಿ ನಡುಗುತ್ತಿತ್ತು. ಅದು ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅಳುವನ್ನು ನುಂಗಿಕೊಂಡು ಮಾತಾಡುತ್ತಿದ್ದಳು.

"ಅಂಗಡಿಯವ್ರಿಗೆ ಕೆಸ್ರದೆ ಅಂತ ಹೇಳ್ಲಿಲ್ವಾ?"

"ಅವನು ಕೆಸರಿನ ಮಾತೇ ಎತ್ತಲಿಲ್ಲ. ಬರೀ ಚಳಿಯದ್ದು ಕೇಳಿದ."

ಅವಳು ನಿಧಾನವಾಗಿ ನೆಟ್ಟಗಾದಳು. "ಹೆಂಗ್ ಕೇಳುದ್ರು? ಅವ್ರು ಅಂದಿದ್ನೇ ಹೇಳಿ."

"ಅವ್ಡೆ ಚಳಿ ಉಂಡೋ ಅಂದ."

ಸಜಿತ ಕಣ್ಣು ಮುಚ್ಚಿಕೊಂಡಳು. "ನಮ್ ಕಡೆ ಮಲಯಾಳದಲ್ಲಿ ಚಳಿ ಅಂದ್ರೆ ಕೆಸ್ರು. ನಿಮ್ ಚಳಿಗೆ ಇಲ್ಲಿ ತಣುಪ್ಪ್ ಅಂತಾರೆ."

ಆಹಾ, ಆಗ ನನ್ನ ಕಿವಿಯಲ್ಲಿ ಕಲ್ಪೆಟ್ಟದ ಸಂಭಾಷಣೆಯೆಲ್ಲ ಮತ್ತೊಮ್ಮೆ ಮೊಳಗಿತು. ಮೊಣಕಾಲುದ್ದ ಕೆಸರು ಮೆತ್ತಿಕೊಂಡು ನಿಂತು, ನಮ್ಮೂರಿನಲ್ಲಿ ಕೆಸರು ಒಂದು ಚೂರೂ ಇಲ್ಲ ಎಂದಿದ್ದೆ. ಕೆಸರು ಧನು ಮಾಸದ ಬೆಳಗಿನ ಜಾವ ಮಾತ್ರ ಬಂದು ಬಿಸಿಲಿಗೆ ಹೋಗುತ್ತದೆ ಎಂದಿದ್ದೆ. ಕೆಸರಿನಲ್ಲಿ ಕುಳಿತು ಚಾ ಕುಡಿಯುವುದು ಪರಮಸುಖ ಎಂದಿದ್ದೆ. ಊರಿನಲ್ಲಿ ನಾಲ್ಕು ಜನ ಎದ್ದು ನಿಂತು ಮರ್ಯಾದೆ ಕೊಡುವ ನನ್ನ ಮಾವನನ್ನು ದಿನಾ ಬೆಳಗ್ಗೆ ಐದಕ್ಕೆ ಎಬ್ಬಿಸಿ ಕೆಸರಿನಲ್ಲಿ ಸ್ನಾನ ಮಾಡಿಸಿದ್ದೆ!

ಇದನ್ನೆಲ್ಲ ಒಪ್ಪಿಕೊಳ್ಳಲು ಅದು ಹೊತ್ತಲ್ಲ. ಚಾತಣ್ಣ ಆಗಲೇ ಗಳು ಇಳಿಸಿ, ಸಾಂಬಾರಿನ ಹಂಡೆಯ ಎರಡು ಕಿವಿಗೂ ಹಗ್ಗ ಬಿಗಿದು, ಗಳುವಿಗೆ ತೂಗುಹಾಕಿದ್ದರು. ಮುಂದಿನ ತುದಿ ಅವರ ಹೆಗಲಿಗೆ, ಹಿಂದಿನ ತುದಿ ನನ್ನ ಹೆಗಲಿಗೆ. ಕೆಸರು ಮೆತ್ತಿದ ಹಿರಿಯರು ಮುಂಡು ಎತ್ತಿ ಕಟ್ಟಿ ಅನ್ನದ ಹಂಡೆಗೆ ಕೈಹಾಕಿದರು. ಪಂದಲಿನಿಂದ ಇನ್ನಷ್ಟು ಜನ ಓಡಿ ಬಂದರು. ಚಾತಣ್ಣ ಎಲ್ಲಿ ಹೆಜ್ಜೆ ಇಡಬೇಕೆಂದು ಬಲ, ಎಡ ಹೇಳುತ್ತಾ ಹೋದರು. ನಾನು ಅವರ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟೆ. ಐದು ಸಲ ಹತ್ತಿದೆವು, ನಾಲ್ಕು ಸಲ ಇಳಿದೆವು. ಕೊನೆಯ ಹಂಡೆಯನ್ನು ಪಂದಲಿನಲ್ಲಿ ಇಳಿಸಿ ಹೆಮ್ಮೆಯಿಂದ ಹಿಂದೆ ತಿರುಗಿದಾಗ ಕಾಲು ಜಾರಿ ಅಂಗಾತ ಬಿದ್ದೆ. ಆ ದಿನ ಚೆಲ್ಲಿದ್ದು ನಾನೊಬ್ಬನೇ, ಸಾಂಬಾರು ಒಂದು ಹನಿ ಚೆಲ್ಲಲಿಲ್ಲ.

ಎಲೆಗೆ ಬಡಿಸಲು ಶುರುವಾದಾಗ ಹನ್ನೆರಡೂ ಮುಕ್ಕಾಲು. ತಡವಾಗಿದ್ದು ಕಾಲು ಗಂಟೆ ಮಾತ್ರ. ಹಂಡೆ ಹೊತ್ತವರಿಗೆಲ್ಲ ಹಸಿವು ಏರಿತ್ತು, ಅವಿಯಲಿಗೆ ಮೂರು ಮೂರು ಸಲ ಕೈ ಒಡ್ಡಿದರು. ತಾವೇ ಹೊತ್ತು ತಂದ ಪಾಯಸವನ್ನು ಯಾರಾದರೂ ಚೆನ್ನಾಗಿಲ್ಲ ಎನ್ನುತ್ತಾರೆಯೇ? ಮನೆಯ ಯಜಮಾನ ಮಾಧವನ್ ಕೈತೊಳೆದು ನೇರ ಸಜಿತಳ ಹತ್ತಿರ ಬಂದು, ಮುಂದಿನ ತಿಂಗಳು ಕಾಟ್ಟಿಕುಳಂನಲ್ಲಿ ತಂಗಿಯ ಮಗಳ ನಿಶ್ಚಯದ ಊಟವೂ ನಿಮ್ಮದೇ ಎಂದರು. ಸಜಿತಳ ಮುಖ ಅರಳಿದ್ದನ್ನು ಕಂಡು ನನಗೆ ಬಿದ್ದ ನೋವು ಮರೆತೇ ಹೋಯಿತು. ಮಾಧವನ್ ಒಂದು ಮಾತು ಸೇರಿಸಿದರು. ಹಂಡೆಗಳಿಗೆ ತಮ್ಮ ಜೀಪನ್ನೇ ಕಳಿಸುತ್ತಾರಂತೆ, ನಾವು ತೊಂದರೆ ತೆಗೆದುಕೊಳ್ಳಬಾರದಂತೆ.

ಅದೇ ಜೀಪು ನಮ್ಮ ಗಾಡಿಯನ್ನು ಕೆಸರಿನಿಂದ ಎಳೆದು ಡಾಂಬರಿಗೆ ತಂದು ಬಿಟ್ಟಿತು. ವಾಪಸು ಬರುವಾಗ ಮೂವರೂ ಮುಂದೆಯೇ ಕುಳಿತೆವು. ಕಾಟ್ಟಿಕುಳಂ ಲೋಡು ನನ್ನ ಕೈತಪ್ಪಬಾರದು, ಇವಳನ್ನು ಹೇಗಾದರೂ ನಗಿಸಿ ಒಪ್ಪಿಸಬೇಕು ಎಂದು ನಾನು ಗಂಟಲು ಸರಿಮಾಡಿಕೊಂಡೆ.

"ಏನೂ ಯೋಚನೆ ಮಾಡಬೇಡ ಸಜಿತ. ಮುಂದಿನ ಸಲಕ್ಕೆ ನಾಲ್ಕೂ ಟಯರಿಗೆ ಸ್ವೆಟರ್ ಹೊಲಿಸ್ತೀನಿ. ಯಾವ ಚಳಿ ಬಂದರೂ ತಡೆಯುತ್ತೆ."

ಹೇಳಿ ನಾನೇ ಗಟ್ಟಿಯಾಗಿ ನಕ್ಕೆ. ಚಾತಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದರು. ಸಜಿತ ಮಡಿಲಲ್ಲಿದ್ದ ಸೌಟಿನ ಕೆಸರನ್ನು ಸೆರಗಿನಲ್ಲಿ ಒರೆಸುತ್ತಾ, ಬಹಳ ಸಮಾಧಾನದಿಂದ, ಮಗುವಿಗೆ ಪಾಠ ಹೇಳುವ ಹಾಗೆ ಹೇಳಿದಳು.

"ಇನ್ನೊಂದು ಅರ್ಥಾನೂ ಈಗ್ಲೇ ಕಲ್ತ್ಕೊಂಡ್ಬುಡಿ. ಹಿಂಗೆ ನಗು ಬರ್ದೇ ಇರೋ ತಮಾಸೆ ಮಾಡ್ತೀರಲ್ಲ, ಅದ್ಕೂ ಇಲ್ಲಿ ಚಳಿ ಅಂತ್ಲೇ ಅನ್ನೋದು."