ಸಮಾಧಾನ ಸರ್ ಜೊತೆ ನನ್ನ ಒಂದು ದಿನದ ತಪಸ್ಸು

ತಪಸ್ಸಿನ ವಿಷಯದಲ್ಲಿ ಜೈನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ! ಅದರಲ್ಲೂ ಚಿಕ್ಕೋಡಿಯ ಈ ಮಾಸ್ತರನಿಗೆ!

ನಮ್ಮ ಶಾಲೆಯ ಗಣಿತದ ಸಮಾಧಾನ ಸರ್ ಕ್ರೈಸ್ತರು. ಈಸ್ಟರ್‌ಗೆ ಮೊದಲು ಅವರಿಗೆ ‘ತಪಸ್ಸುಕಾಲ’. ಶುಕ್ರವಾರ ಹಗಲೆಲ್ಲ ಉಪವಾಸವಿದ್ದು, ಸಂಜೆ ಪ್ರಾರ್ಥನೆ ಮುಗಿದ ಮೇಲೇ ಊಟ. ಚಹಾ ಕೂಡ ಮುಟ್ಟದೆ ಅವರು ನಗುನಗುತ್ತ ಪಾಠ ಮಾಡುವುದನ್ನು ಕಂಡು ನನಗೆ ಮೆಚ್ಚುಗೆಯೂ ಆಯಿತು, ಪೈಪೋಟಿಯೂ ಹುಟ್ಟಿತು. ಎಲ್ಲ ಮಾಸ್ತರರ ಎದುರು ಸಾರಿಬಿಟ್ಟೆ: ‘ಈ ಶುಕ್ರವಾರ ನಾನೂ ನಿಮ್ಮ ಕೂಡ ಉಪವಾಸ ಮಾಡ್ತೀನ್ರಿ. ಸಂಜಿಗೆ ನಮ್ಮ ಮನ್ಯಾಗ ಕೂಡೇ ಉಣ್ಣೂಣು.’

ಹೆಂಡತಿ ಜಿನಮತಿ ಇದನ್ನು ಕೇಳಿ ನನ್ನ ಮುಖವನ್ನೊಮ್ಮೆ, ಗೋಡೆಯ ಗಡಿಯಾರವನ್ನೊಮ್ಮೆ ನೋಡಿದಳು. ‘ವಿಚಾರ ಮಾಡೇ ಹೇಳೀರಿಲ್ಲೋ?’ ಎಂದಳು. ತಪಸ್ವಿಗಳು ಅಂಥ ಸಣ್ಣ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ!

ಶುಕ್ರವಾರ ಮಧ್ಯಾಹ್ನಕ್ಕೆ ಸುಣ್ಣದ ಕಡ್ಡಿಯೂ ಪೇಡೆಯಂತೆ ಕಾಣತೊಡಗಿತು. ಸಂಜೆ ಮನೆಗೆ ಬಂದರೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹೋಳಿಗೆ ಸಿದ್ಧ. ಜಿನಮತಿ ಬೆಳಕಿರುವಾಗಲೇ ಉಂಡು, ನನಗೂ ಬಡಿಸಲೇ ಎಂದು ಕೇಳಿದಳು. ಅತಿಥಿಗಿಂತ ಮೊದಲು ಉಂಡರೆ ಕೊಟ್ಟ ಮಾತೇನಾಗಬೇಕು ಎಂದು ಗದರಿದೆ.

ಸಮಾಧಾನ ಸರ್ ಬಂದಾಗ ಬೀದಿದೀಪ ಹತ್ತಿತ್ತು. ಕೈ ತೊಳೆದು ಓಡಿಬಂದು ಕೂತೆ. ನನ್ನ ತಾಟು ಮಾತ್ರ ಬೋರಲು ಹಾಕಿತ್ತು.

‘ಹೊತ್ತು ಮುಳುಗೇತ್ರಿ,’ ಎಂದಳು ಜಿನಮತಿ.

ಅಯ್ಯೋ! ಹೊತ್ತು ಮುಳುಗುವತನಕ ಅವರು ಉಣ್ಣುವುದಿಲ್ಲ. ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ! ಹುಟ್ಟಿದಾಗಿನಿಂದ ಪಾಲಿಸಿದ ನೇಮ ಹುರುಪಿನಲ್ಲಿ ಮರೆತೇ ಹೋಗಿತ್ತು. ಹಗಲು ಅವರ ಉಪವಾಸ, ರಾತ್ರಿ ನಮ್ಮದು. ಎರಡು ಧರ್ಮಗಳ ತಪಸ್ಸೂ ಒಂದೇ ಹೊಟ್ಟೆಗೆ ಬಂದು ಬಿದ್ದಿತ್ತು!

ವಿಷಯ ತಿಳಿದು ಸಮಾಧಾನ ಸರ್ ತಮ್ಮ ತಾಟು ಸರಿಸಿದರು. ನನ್ನನ್ನು ಹಸಿದು ಕೂರಿಸಿ ತಾವು ಉಣ್ಣುವುದಿಲ್ಲ, ಬೆಳಗ್ಗೆ ಕೂಡಿಯೇ ಉಣ್ಣೋಣ ಎಂದರು. ಎಂಥ ದೊಡ್ಡ ಮನುಷ್ಯ! ನನಗೆ ಕಣ್ಣು ತುಂಬಿ ಬಂತು. ಮುಂದೆ ಬಂದ ಅನ್ನ ದೂಡಬಾರದೆಂದು ಜಿನಮತಿ ಒತ್ತಾಯ ಮಾಡಿದ ಮೇಲಷ್ಟೇ ರೊಟ್ಟಿ ಮುರಿದರು.

ಹೋಳಿಗೆಯಿಂದ ಕಣ್ಣು ಕೀಳಲು, ನಿಮ್ಮಲ್ಲಿ ತಪಸ್ಸೆಂದರೆ ಊಟ ಬಿಡುವುದಷ್ಟೆಯೇ ಎಂದು ಕೇಳಿದೆ.

‘ಹಂಗಲ್ರಿ. ತಮಗ ಭಾಳ ಪ್ರೀತಿ ಇದ್ದದ್ದನ್ನ ಬಿಡಬೇಕು. ನಮ್ಮ ಮನಿಯಾಕಿ ಟೀವಿ ಧಾರಾವಾಹಿ ಬಿಟ್ಟಾಳ. ನಾ ಸಿಟ್ಟು ಬಿಟ್ಟೀನಿ.’

ಜಿನಮತಿ ಅವರಿಗೆ ಇನ್ನೊಂದು ಹೋಳಿಗೆ ಬಡಿಸುತ್ತ ಅಂದಳು: ‘ಹಂಗಾದ್ರ ಈಸ್ಟರ್ ತನಕ ಇವ್ರನ್ನೂ ಸೇರಿಸ್ಕೊಳ್ರಿ, ಸರ್. ಊಟ ಮಾಡ್ಲಿ, ಬಡಾಯಿ ಕೊಚ್ಚೂದು ಬಿಡ್ಲಿ.’