ನಾನು ಫಲಾನುಭವಿಯಾದದ್ದು

ನೈತಿಕತೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಲವತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ. ಅಮೆರಿಕದ ಏಪೆಕ್ಸ್ ಎಂಬ ಊರಿನ ನಮ್ಮ ಬೀದಿಯಲ್ಲಿ ಸ್ಟಾಪ್ ಸೈನ್ ಹತ್ತಿರ ಪೂರ್ತಿ ಮೂರು ಸೆಕೆಂಡ್ ಕಾರು ನಿಲ್ಲಿಸುವವನು ನಾನೊಬ್ಬನೇ. ಹಿಂದಿನವರು ಹಾರ್ನ್ ಹೊಡೆದರೂ ನಿಲ್ಲಿಸುತ್ತೇನೆ. ಹಾಗಾಗಿ ಡರ್ಹಮ್‌ನ ಒಂದು ಬಿಸಿನೆಸ್ ಸ್ಕೂಲಿನಲ್ಲಿ ವಾರಾಂತ್ಯದ ಎಂಬಿಎಗೆ ಸೇರಿದಾಗ, ಎಥಿಕ್ಸ್ ಪೇಪರ್ ಒಂದನ್ನು ಓದದೆಯೇ ಪಾಸಾಗುತ್ತೇನೆ ಅಂದುಕೊಂಡೆ.

ಈ ವಯಸ್ಸಿನಲ್ಲಿ ಎಂಬಿಎ ಯಾಕೆ ಅಂತ ಕೇಳಿದವರಿಗೆಲ್ಲ “ಕರಿಯರ್ ಗ್ರೋತ್” ಎನ್ನುತ್ತಿದ್ದೆ. ನಿಜ ಬೇರೆ. ನನ್ನ ಹೆಂಡತಿ ಶಾಹೀನ್‌ಗೆ ಮೇರಿಲ್ಯಾಂಡಿನಲ್ಲಿ ಫಾರ್ಮಸಿಸ್ಟ್ ಕೆಲಸ ಸಿಕ್ಕಿ, ಮಗಳು ಆಯೇಷಾಳನ್ನು ಕರೆದುಕೊಂಡು ಕ್ಲಾರ್ಕ್ಸ್‌ಬರ್ಗ್‌ಗೆ ಹೋಗಿದ್ದಳು. ನನ್ನ ಕೆಲಸ ಇಲ್ಲೇ, ಅದೂ ಮನೆಯಿಂದಲೇ. ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ನಾನೊಬ್ಬ. ಕೆಲವು ದಿನ ಸಂಜೆವರೆಗೂ ಬಾಯಿ ಬಿಟ್ಟಿರುತ್ತಿರಲಿಲ್ಲ. ಕಾಲೇಜಿಗೆ ಸೇರಿದರೆ ನಾಲ್ಕು ಜನ ಸಿಗುತ್ತಾರೆ, ಕ್ಲಾಸು ಮುಗಿದ ಮೇಲೆ ಕಾಫಿ ಕುಡಿಯಬಹುದು ಅಂತ ಫೀಸು ಕಟ್ಟಿದೆ. ಸೇರಿದ ಮೇಲೆ ಗೊತ್ತಾಯಿತು, ಕೋವಿಡ್ ಕಾರಣ ಕ್ಲಾಸೆಲ್ಲ ಝೂಮ್‌ನಲ್ಲಿ!

ಕೋರ್ಸಿಗೆ ಮೂರು ಕಂಬಗಳಂತೆ: ನೈತಿಕತೆ, ಜಾಗತಿಕ ಅನುಭವ, ಸಾಮಾಜಿಕ ಜವಾಬ್ದಾರಿ. ಜಾಗತಿಕ ಅನುಭವಕ್ಕೆ, ಕೋವಿಡ್ ಇಳಿದ ಮೇಲೆ, ಹತ್ತು ದಿನದ ವಿದೇಶ ಪ್ರವಾಸವಿತ್ತು. ಎರಡು ದಶಕದಿಂದ ವಿದೇಶದಲ್ಲೇ ಇದ್ದೇನೆ, ಇದು ಸಾಲದೇ ಎಂದು ವಿನಮ್ರವಾಗಿ ಬರೆದೆ. ಸಾಲದು, ಅಮೆರಿಕದಿಂದ ಹೊರಗೆ ಹೋಗಿಬರಬೇಕು ಎಂದರು. ಎಲ್ಲಿಗೆ ಅಂತ ನೋಡಿದರೆ, ಬೆಂಗಳೂರು ಮತ್ತು ಮೈಸೂರು. ಮೂರನೇ ದಿನ ನಾನು ಹುಟ್ಟಿದ ಮೊಹಲ್ಲಾದ ಪಕ್ಕದ ಮಾರ್ಕೆಟ್ಟಿನಲ್ಲಿ ‘ಸಾಂಸ್ಕೃತಿಕ ನಡಿಗೆ’! ಗೈಡ್ ಹಿಂದೆ ಟೋಪಿ ಹಾಕಿಕೊಂಡು ನಮ್ಮ ಚಿಕ್ಕಪ್ಪನ ಅಂಗಡಿ ನೋಡಲು ನನ್ನಿಂದಾಗದು ಎಂದು ಕೈಮುಗಿದು ವಿನಾಯಿತಿ ಪಡೆದೆ.

ಸಾಮಾಜಿಕ ಜವಾಬ್ದಾರಿಗೆ ಮಾತ್ರ ವಿನಾಯಿತಿ ಇರಲಿಲ್ಲ. ಒಂದು ಸೇವಾಸಂಸ್ಥೆಯ ಮೂಲಕ, ಒಂಟಿಯಾಗಿರುವ ಒಬ್ಬರ ಜೊತೆ ಹನ್ನೆರಡು ವಾರ, ವಾರಕ್ಕೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಬೇಕು. ಕೊನೆಗೆ ಎಲ್ಲರೆದುರು ವರದಿ ಒಪ್ಪಿಸಬೇಕು. ಇಲ್ಲದಿದ್ದರೆ ಡಿಗ್ರಿ ಇಲ್ಲ.

ಸಂಸ್ಥೆಯ ವೆಬ್‌ಸೈಟಿನಲ್ಲಿ ಎರಡು ಫಾರಂ ಇದ್ದವು. ಮೊದಲನೆಯದು ಸ್ವಯಂಸೇವಕರಿಗೆ, ಎರಡನೆಯದು ಫಲಾನುಭವಿಗಳಿಗೆ. ಇಲ್ಲಿ ಹುಟ್ಟಿ ಬೆಳೆದವರಾದರೆ ತಮ್ಮದನ್ನು ತುಂಬಿ ಸುಮ್ಮನಾಗುತ್ತಿದ್ದರು. ನಾನು ನಮ್ಮೂರಿನ ಕಚೇರಿ ಕಿಟಕಿಗಳ ಮುಂದೆ ನಿಂತು ತಯಾರಾದ ಮನುಷ್ಯ. ಒಂದು ಫಾರಂ ಕೊಟ್ಟರೆ ಗುಮಾಸ್ತರು “ಇನ್ನೊಂದೆಲ್ಲಿ?” ಅಂತ ಕೇಳಿಯೇ ಕೇಳುತ್ತಾರೆ, ಕೇಳಿ ಊಟಕ್ಕೆ ಎದ್ದು ಹೋಗುತ್ತಾರೆ. ಅದಕ್ಕೇ ಇರಲಿ ಅಂತ ಎರಡನ್ನೂ ತುಂಬಿದೆ. ಎರಡನೆಯದರಲ್ಲಿ “ವಾರದಲ್ಲಿ ಎಷ್ಟು ಜನರ ಜೊತೆ ಮುಖಾಮುಖಿ ಮಾತಾಡುತ್ತೀರಿ?” ಎಂದಿತ್ತು. ನನ್ನ ಪ್ರಾಮಾಣಿಕತೆಯ ಪರೀಕ್ಷೆ ಇರಬೇಕು ಅಂದುಕೊಂಡು, ಎಣಿಸಿ, ‘ಒಬ್ಬರು’ ಅಂತ ಬರೆದೆ. ಪಕ್ಕದ ಮನೆಯ ಡಾಕ್ಟರ್ ಪಾಟೀಲರು ಕಸದ ಡಬ್ಬಿ ಇಡುವಾಗ ಸಿಗುತ್ತಿದ್ದರು.

ಕೆಳಗೊಂದು ಪ್ರತಿಜ್ಞೆಯೂ ಇತ್ತು. ಸೇವೆ ಮುಗಿದ ಮೇಲೆ ಸ್ವಯಂಸೇವಕರೂ ಫಲಾನುಭವಿಯೂ ಒಂದು ವರ್ಷ ಖಾಸಗಿಯಾಗಿ ಸಂಪರ್ಕದಲ್ಲಿ ಇರಕೂಡದು. ಎಂಥ ಉದಾತ್ತ ನಿಯಮ! ಖುಷಿಯಿಂದ ಟಿಕ್ ಮಾಡಿದೆ.

ಈಮೇಲ್ ಬಂತು. ಪ್ರತಿ ಮಂಗಳವಾರ ಸಂಜೆ ಐದಕ್ಕೆ, ಮಿಸ್ ಡಿ. ಗೋಪ್ಯತೆಗಾಗಿ ಪೂರ್ತಿ ಹೆಸರಿಲ್ಲ, ನಂಬರಿಲ್ಲ. ಕಂಪ್ಯೂಟರೇ ಇಬ್ಬರಿಗೂ ರಿಂಗ್ ಮಾಡಿ ಜೋಡಿಸುತ್ತದೆ. ನಾನು ಮಿಸ್ಟರ್ ಎನ್ ಆದೆ.

“ಪಾಪ, ಯಾರೋ ವಯಸ್ಸಾದೋಳು ಇರ್ಬೇಕು. ನಾನು ಧೈರ್ಯ ತುಂಬ್ಬೇಕು,” ಅಂತ ಶಾಹೀನ್‌ಗೆ ಫೋನಿನಲ್ಲಿ ಹೇಳಿದೆ. ನಾವು ಮನೆಯಲ್ಲಿ ದಖನಿ ಉರ್ದು ಮಾತಾಡುವುದು, ಜಗಳಕ್ಕೆ ಮಾತ್ರ ಕನ್ನಡ. ಹಾಗಾಗಿ ಇಲ್ಲಿ ಬರುವ ನಮ್ಮ ಸಂಭಾಷಣೆಯೆಲ್ಲ ಮೂಲದಲ್ಲೇ ಕನ್ನಡದಲ್ಲಿದೆ.

“ಮೊದ್ಲು ನಿಮ್ಮ ತಾಯಿಗೆ ಫೋನ್ ಮಾಡಿ ಧೈರ್ಯ ತುಂಬ್ರೀ,” ಅಂದಳು ಶಾಹೀನ್.

ಮೊದಲ ಮಂಗಳವಾರ ಐದಕ್ಕೆ ಸರಿಯಾಗಿ ಗಂಟಲು ಸರಿಮಾಡಿಕೊಂಡು, ನಮ್ಮ ಕಡೆ ಎಲ್ಲರೂ ಕೇಳುವುದನ್ನೇ ಇಂಗ್ಲಿಷಿನಲ್ಲಿ ಕೇಳಿದೆ: “ಊಟ ಆಯ್ತಾ?”

“ಇನ್ನೂ ಇಲ್ಲ,” ಎಂದಿತು ಒಂದು ಮೃದುವಾದ ಮುದಿ ಧ್ವನಿ. “ನಿಮ್ಮದು?”

“ನನ್ನದೂ ಇನ್ನೂ ಇಲ್ಲ,” ಅಂದೆ.

ನಿಮ್ಮ ಬಗ್ಗೆ ಹೇಳಿಕೊಳ್ಳಬೇಡಿ, ಪ್ರಶ್ನೆ ಕೇಳುತ್ತಿರಿ ಎಂದು ಕೈಪಿಡಿಯಲ್ಲಿತ್ತು. ನಾನು ಕೇಳಿದೆ. ಆಕೆಯೂ ಕೇಳಿದಳು. ಎರಡು ವಾರ ಬರೀ ಪ್ರಶ್ನೆ, ಉತ್ತರವೇ ಇಲ್ಲ! ಮೂರನೇ ವಾರ ಕೈಪಿಡಿ ಮರೆತೆವು. ಆಕೆ ತೀರಿಹೋದ ಗಂಡನ ಬಗ್ಗೆ, ಸಾವಿರ ತುಂಡುಗಳ ಜಿಗ್ಸಾ ಜೋಡಿಸುತ್ತಿರುವ ಬಗ್ಗೆ, ಅದರ ಒಂದು ತುಂಡನ್ನು ನುಂಗಿದ ಬೆಕ್ಕಿನ ಬಗ್ಗೆ ಹೇಳಿದಳು. ನಾನು ಸೇವಾಮನೋಭಾವದಿಂದ, ಆಕೆಗೆ ಸಮಾಧಾನವಾಗಲಿ ಎಂಬ ಒಂದೇ ಉದ್ದೇಶದಿಂದ, ಎಂಬಿಎ ವಿಷಯ ಒಂದನ್ನು ಬಿಟ್ಟು ನನ್ನ ಕಥೆಯನ್ನೆಲ್ಲ ಹೇಳಿದೆ. ಅರ್ಧ ಗಂಟೆ ಸಾಲುತ್ತಿರಲಿಲ್ಲ. ಬುಧವಾರದಿಂದಲೇ ಮಂಗಳವಾರಕ್ಕೆ ಕಾಯುತ್ತಿದ್ದೆ.

ಐದನೇ ವಾರ ಬಾಗಿಲ ಮುಂದೆ ಒಂದು ವ್ಯಾನು ನಿಂತಿತು. ದೊಡ್ಡ ಪ್ಲಾಸ್ಟಿಕ್ ಟಬ್ ಒಂದನ್ನು ಇಟ್ಟು ಹೋದರು. ಒಳಗೆ ಡಬ್ಬಿ ಬೀನ್ಸ್, ಪೀನಟ್ ಬಟರ್, ಪಾಸ್ತಾ. ಟಬ್ ಮಾತ್ರ ಗುರುವಾರ ಹೊರಗಿಡಿ ಎಂಬ ಚೀಟಿ. ಸ್ವಯಂಸೇವಕರಿಗೆ ಸಂಸ್ಥೆಯಿಂದ ಕಾಣಿಕೆ! ಅಮೆರಿಕದಲ್ಲಿ ಸೇವೆಗೆ ಎಂಥ ಬೆಲೆ ಎಂದು ಎದೆ ಉಬ್ಬಿತು.

ಆದರೆ ಟಬ್ಬನ್ನು ಖಾಲಿ ವಾಪಸ್ ಕೊಡುವುದು ಹೇಗೆ? ನಮ್ಮಮ್ಮ ನೆರೆಯವರ ಪಾತ್ರೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರು. ಶಾಹೀನ್‌ಗೆ ವಿಡಿಯೋ ಕಾಲ್ ಮಾಡಿ, ಒಲೆ ಮುಂದೆ ಫೋನ್ ನಿಲ್ಲಿಸಿ, ರವೆ ಉಂಡೆ ಮಾಡಿದೆ.

“ಕಣ್ಣು ಕಾಣಲ್ವೇನ್ರೀ, ರವೆ ಹೊತ್ತಿ ಹೋಗ್ತಿದೆ!” ಅಂತ ಕ್ಲಾರ್ಕ್ಸ್‌ಬರ್ಗ್‌ನಿಂದ ಕೂಗಿದಳು. ಆಯೇಷಾಳಿಗೆ ಫೋನ್ ಕೊಡು ಅಂದೆ. “ಬ್ಯುಸಿ, ಅಬ್ಬಾ!” ಎಂಬ ಮಗಳ ಧ್ವನಿ ಎಲ್ಲಿಂದಲೋ ಬಂತು.

ಮೂವತ್ತು ಉಂಡೆ ಹಾಕಿ ಟಬ್ ಹೊರಗಿಟ್ಟೆ. ಮುಂದಿನ ವಾರ ಎರಡು ಟಬ್ ಬಂದವು. ಅರವತ್ತು ಉಂಡೆ ಕಳಿಸಿದೆ. ಆಮೇಲೆ ನಾಲ್ಕು ಬಂದವು, ಜೊತೆಗೊಂದು ಕರಪತ್ರ: ‘ನೆರವು ಸ್ವೀಕರಿಸುವುದು ಅವಮಾನವಲ್ಲ’. ನಾನು ಮತ್ತೆ ಅಂಗಡಿಗೆ ಓಡಿ ರವೆ ತಂದೆ.

ಒಂದು ದಿನ ಪಾಟೀಲರು ಬೇಲಿ ಹತ್ತಿರ ಬಂದರು. ಹುಬ್ಬಳ್ಳಿಯವರು, ಮನಸ್ಸಿನಲ್ಲಿಟ್ಟುಕೊಳ್ಳುವ ಜನ ಅಲ್ಲ.

“ಏನ್ರೀ ನಜೀರ್ ಸಾಹೇಬ್ರ, ಕೆಲಸಾ ಹೋತೇನ್ರೀ?”

“ಇಲ್ವಲ್ಲ ಡಾಕ್ಟ್ರೇ, ಯಾಕೆ?”

“ಮತ್ತ ಆ ವ್ಯಾನ್ ಮ್ಯಾಲೆ ‘ಹಸಿದವರಿಗೆ ಅನ್ನ’ ಅಂತ ಬರದಾರಲ್ರೀ? ಬಾಜೂ ಮನ್ಯಾಗ ಇದ್ದು ನಮಗೊಂದ್ ಮಾತ್ ಹೇಳಬಾರದೇನ್ರೀ? ನಾವೇನ್ ಹೊರಗಿನವರೇನು?”

ಅವರ ಹೆಂಡತಿ ಆ ಸಂಜೆಯೇ ಹನ್ನೆರಡು ಜೋಳದ ರೊಟ್ಟಿ, ಎಣ್ಣೆಗಾಯಿ ಕಳಿಸಿದರು. ಬುದ್ಧಿ ಇದ್ದವನಿಗೆ ಅಷ್ಟು ಹೊತ್ತಿಗಾದರೂ ಅರ್ಥವಾಗಬೇಕಿತ್ತು. ನನಗೆ ಅರ್ಥವಾದದ್ದು ಒಂದೇ: ಅವರ ಡಬ್ಬಿಗೂ ಉಂಡೆ ಮಾಡಬೇಕು.

ವರದಿ ಒಪ್ಪಿಸುವ ದಿನ ಬಂತು. ಈ ಬಾರಿ ಝೂಮ್ ಅಲ್ಲ, ಡರ್ಹಮ್‌ನ ಸಭಾಂಗಣದಲ್ಲೇ. ಶನಿವಾರದ ಬ್ಯಾಚು, ಭಾನುವಾರದ ಬ್ಯಾಚು ಎರಡೂ ಒಟ್ಟಿಗೆ. ನಾನು ಭಾನುವಾರದವನು. ನನ್ನ ಗೌರವ ನೋಡಲಿ ಅಂತ ಶಾಹೀನ್‌ಳನ್ನೂ ಆಯೇಷಾಳನ್ನೂ ಕ್ಲಾರ್ಕ್ಸ್‌ಬರ್ಗ್‌ನಿಂದ ಕರೆಸಿ ಮೂರನೇ ಸಾಲಿನಲ್ಲಿ ಕೂರಿಸಿದ್ದೆ. ‘ಮಿಸ್ ಡಿ: ಒಂದು ಒಂಟಿ ಜೀವದ ಪುನಶ್ಚೇತನ’ ಎಂದು ಹದಿನಾಲ್ಕು ಸ್ಲೈಡು ತಯಾರಿತ್ತು.

ನನಗಿಂತ ಮುಂಚೆ ಶನಿವಾರದ ಬ್ಯಾಚಿನ ಒಬ್ಬರು ವೇದಿಕೆ ಹತ್ತಿದರು. ಅರವತ್ತು ದಾಟಿದ ಬಿಳಿಗೂದಲಿನ ಹೆಂಗಸು. ಮೈಕಿನಲ್ಲಿ ಬಾಯಿ ತೆರೆದದ್ದೇ ನಾನು ನೆಟ್ಟಗೆ ಕೂತೆ. ಆ ಧ್ವನಿ!

ಪರದೆಯ ಮೇಲೆ ಶೀರ್ಷಿಕೆ: ‘ಮಿಸ್ಟರ್ ಎನ್: ಏಕಾಕಿ ವಲಸಿಗ ವೃದ್ಧ’.

ವೃದ್ಧ! ನಲವತ್ತೊಂಬತ್ತು ವರ್ಷದ ನಾನು ಕುರ್ಚಿಯಲ್ಲಿ ಕುಸಿದೆ.

“ಪ್ರತಿ ಕರೆಯಲ್ಲೂ ಮೊದಲು ಊಟದ ಬಗ್ಗೆಯೇ ಕೇಳುತ್ತಾರೆ,” ಆಕೆ ಹೇಳಿದಳು. “ಮನೆಯಲ್ಲಿ ಊಟಕ್ಕಿಲ್ಲ ಎಂದು ಅನುಮಾನವಾಯಿತು. ಸಂಸ್ಥೆಗೆ ತಿಳಿಸಿ ನೆರವು ಕಳಿಸಿದೆವು. ತುಂಬ ಸ್ವಾಭಿಮಾನಿ. ಇದ್ದಬದ್ದ ಆಹಾರವನ್ನೆಲ್ಲ ಉಂಡೆ ಕಟ್ಟಿ ನಮಗೇ ವಾಪಸ್ ಕಳಿಸುತ್ತಾರೆ!”

ಪರದೆಯ ಮೇಲೆ ನನ್ನ ರವೆ ಉಂಡೆ! ಸಭೆಯಲ್ಲಿ ಮೆಲುನಗು. ಶಾಹೀನ್ ಆ ಉಂಡೆಯನ್ನೂ ನನ್ನನ್ನೂ ನೋಡಿದಳು. ಸ್ವಲ್ಪ ಸುಟ್ಟ ಆ ಬಣ್ಣ ಅವಳಿಗೆ ಚೆನ್ನಾಗಿ ಗೊತ್ತು.

ಕೊನೆಯ ಸ್ಲೈಡಿನಲ್ಲಿ ಮಿಸ್ಟರ್ ಎನ್ ಹೇಳಿದ ಒಂದು ಮಾತಿತ್ತು. “ನಮ್ಮ ಫ್ರಿಜ್ ಬಾಗಿಲು ತೆರೆದಿಟ್ಟರೆ ಬೀಪ್ ಅನ್ನುತ್ತೆ. ಕೆಲವು ಸಲ ಬೇಕಂತಲೇ ತೆರೆದಿಡುತ್ತೇನೆ. ಯಾರೋ ಕರೆದ ಹಾಗಿರುತ್ತೆ.”

ಹೌದು, ಹೇಳಿದ್ದೆ. ಈಗ ಯಾರೂ ನಗಲಿಲ್ಲ. ಆಯೇಷಾ ಫೋನ್ ತೆಗೆದಿಟ್ಟು ನನ್ನ ಕಡೆ ತಿರುಗಿದಳು.

ಮುಂದಿನ ಸರದಿ ನನ್ನದು. ಮೈಕಿನ ಮುಂದೆ ನಿಂತೆ. ಹದಿನಾಲ್ಕು ಸ್ಲೈಡುಗಳಲ್ಲಿ ತೋರಿಸಬಹುದಾದದ್ದು ಒಂದೂ ಇರಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದ ಆಕೆಯನ್ನು ನೋಡಿ, “ಊಟ ಆಯ್ತಾ?” ಎಂದು ಕೇಳಿದೆ.

ಮಿಸ್ ಡಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಪ್ರೊಫೆಸರ್ ನಮ್ಮಿಬ್ಬರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಒಂದೇ ಹೆಸರಿನಲ್ಲಿ ಎರಡು ಫಾರಂ ಬಂದರೆ ಕಂಪ್ಯೂಟರ್ ಕೊನೆಯದನ್ನು ಇಟ್ಟುಕೊಳ್ಳುತ್ತದಂತೆ. ನಾನು ಮೊದಲ ದಿನದಿಂದಲೂ ಫಲಾನುಭವಿ!

“ಈಗ ಸಮಸ್ಯೆ ಏನೆಂದರೆ,” ಪ್ರೊಫೆಸರ್ ನನಗೆ ಹೇಳಿದರು, “ಇವರು ತಮ್ಮ ಸಹಪಾಠಿಗೇ ಸೇವೆ ಮಾಡಿದ್ದಾರೆ. ಆ ಸಹಪಾಠಿಯಾದ ನಿಮಗೆ ನಿಜವಾಗಿ ಅಗತ್ಯ ಇತ್ತು ಅಂತ ನೀವೇ ಸಹಿ ಮಾಡಿದರೆ ಮಾತ್ರ ಇವರ ಗಂಟೆಗಳು ಲೆಕ್ಕಕ್ಕೆ ಬರುತ್ತವೆ. ಆಗ ನಿಮ್ಮ ಗಂಟೆಗಳು ಸೊನ್ನೆ. ನೀವು ಮುಂದಿನ ವರ್ಷ ಮತ್ತೆ ಮಾಡಬೇಕು. ಪ್ರತಿಜ್ಞೆಯ ನಿಯಮವೂ ಜಾರಿಗೆ ಬರುತ್ತದೆ. ಸಹಿ ಮಾಡದಿದ್ದರೆ ಇಬ್ಬರ ಗಂಟೆಗಳೂ ರದ್ದು, ಆ ನಿಯಮವೂ ಇಲ್ಲ.”

ಅಂದರೆ ಸಹಿ ಮಾಡಿದರೆ ಒಂದು ವರ್ಷ ಫೋನಿಲ್ಲ. ಮಂಗಳವಾರವೂ ಬುಧವಾರದ ಹಾಗೆಯೇ ಆಗಿಬಿಡುತ್ತದೆ. ಡಿಗ್ರಿ ಹೋದದ್ದಕ್ಕಿಂತ ಇದೇ ದೊಡ್ಡ ನಷ್ಟ.

“ಸಹಿ ಮಾಡಲೇಬೇಕು ಅಂತಿಲ್ಲ,” ಮಿಸ್ ಡಿ ಮೆಲ್ಲಗೆ ಹೇಳಿದಳು. “ನನಗೂ ಆ ಎರಡನೇ ಫಾರಂ ತುಂಬುವ ಧೈರ್ಯ ಇದ್ದಿದ್ದರೆ ತುಂಬುತ್ತಿದ್ದೆ.”

ಆಕೆಗೆ ಅಟ್ಲಾಂಟಾದಲ್ಲಿ ಮಗಳ ಮನೆ ಹತ್ತಿರವೇ ಒಂದು ಕೆಲಸ ಕಾದಿತ್ತು. ಈ ಡಿಗ್ರಿ ಸಿಕ್ಕರೆ ಮಾತ್ರ ಅಂತ ಈಗ ಗೊತ್ತಾಯಿತು. ಏಳನೇ ಮಂಗಳವಾರ ಆ ಕೆಲಸದ ಸುದ್ದಿ ಹೇಳುವಾಗ ಎಷ್ಟು ಖುಷಿಯಿಂದ ಹೇಳಿದ್ದಳು ಅಂತ ನನಗೆ ನೆನಪಿತ್ತು.

‘ನಾನು ಒಂಟಿಯಾಗಿದ್ದೆ. ನನಗೆ ಈ ಸೇವೆಯ ಅಗತ್ಯವಿತ್ತು.’ ಅದರ ಕೆಳಗೆ ಸಹಿ ಮಾಡಿದೆ. ಇಡೀ ಕೋರ್ಸಿನಲ್ಲಿ ಓದದೆಯೇ ಸರಿಯಾಗಿ ಬರೆದ ಉತ್ತರ ಅದೊಂದೇ.

ಪಾರ್ಕಿಂಗ್ ಲಾಟ್‌ನಲ್ಲಿ ಶಾಹೀನ್ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದಳು.

“ಯಾರೋ ಗೊತ್ತಿಲ್ಲದೋಳಿಗೆ ಎಲ್ಲಾ ಹೇಳಿದ್ದೀರ. ನಂಗ್ಯಾಕ್ರೀ ಹೇಳ್ಲಿಲ್ಲ?”

“ನೀನು ಫಾರಂ ಕೊಟ್ಟಿರ್ಲಿಲ್ಲ,” ಅಂದೆ.

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಕನ್ನಡದಲ್ಲಿ ಬೈಯಲೂ ಇಲ್ಲ. ಅದೇ ದಿನ ಹೊರಡಬೇಕಿದ್ದವಳು ಎರಡು ದಿನ ಹೆಚ್ಚು ಇದ್ದಳು, ಆಯೇಷಾ ನನಗೆ ತಾನೇ ಆಮ್ಲೆಟ್ ಮಾಡಿಕೊಟ್ಟಳು. ಸೋಮವಾರ ಸಂಜೆ ಹೊರಟುಹೋದರು. ಶಾಲೆ, ಕೆಲಸ ಯಾರನ್ನು ಕೇಳುತ್ತವೆ?

ಮರುದಿನ ಮಂಗಳವಾರ. ಸಂಜೆ ಐದಕ್ಕೆ ಸರಿಯಾಗಿ ಫೋನ್ ರಿಂಗಾಯಿತು! ಮೊಣಕಾಲು ಮೇಜಿಗೆ ಹೊಡೆಸಿಕೊಂಡು ಓಡಿ ಎತ್ತಿದೆ.

ಅದು ಸಂಸ್ಥೆಯ ಯಂತ್ರ. “ಪ್ರಿಯ ಫಲಾನುಭವಿಗಳೇ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ? ತಂದಿದ್ದರೆ ಐದನ್ನು ಒತ್ತಿ.” ಐದನ್ನು ಒತ್ತಿದೆ. “ಇನ್ನೇನಾದರೂ ಹೇಳುವುದಿದ್ದರೆ ಬೀಪ್ ಶಬ್ದದ ನಂತರ ಹೇಳಿ.”

ಬೀಪ್ ಬಂತು. ಹೇಳುವುದು ತುಂಬ ಇತ್ತು. ಬಾಯಿಗೆ ಬಂದದ್ದು ಒಂದೇ.

“ಊಟ ಆಯ್ತಾ?”

ಗುರುವಾರ ಬೆಳಿಗ್ಗೆ ಬಾಗಿಲು ತೆರೆದರೆ ಎಂಟು ಟಬ್ ಬೀನ್ಸ್! ಖಾಲಿ ವಾಪಸ್ ಕೊಡುವ ಹಾಗಿಲ್ಲವಲ್ಲ. ಒಲೆ ಹಚ್ಚಿ ರವೆ ಹುರಿಯಲು ನಿಂತೆ.